ಫೈಲಿನ ಬೆನ್ನ ಮೇಲಿನ ಹೆಸರು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅವರು ಮೂವತ್ತೊಂದು ವರ್ಷ ಕೆಲಸ ಮಾಡಿದರು. ಜೊತೆಯವರು ಇಟ್ಟ ಹೆಸರು ಬೀಗದಣ್ಣ. ಮೊಬೈಲನ್ನು ಹೊರಗಿನ ಮೇಜಿನ ಮೇಲಿಟ್ಟೇ ಒಳಗೆ ಕಾಲಿಡಬೇಕು. ದೊಡ್ಡ ಡಾಕ್ಟರಿಗೂ ವಿನಾಯಿತಿ ಇರಲಿಲ್ಲ. ಯಾವ ರೋಗಿಯ ಸುದ್ದಿಯೂ ಅವರ ಬಾಯಿಂದ ಹೊರಬಿದ್ದದ್ದಿಲ್ಲ. ಇವರ ಹೊಟ್ಟೆಗೆ ಹೋದ ಮಾತು ವಾಪಸು ಬರುವುದಿಲ್ಲ ಎಂದು ಹೆಂಡತಿಯೂ ಕೆದಕುವುದನ್ನು ಬಿಟ್ಟಿದ್ದಳು.

ಅವರ ಹೆಮ್ಮೆ ಕೈಬರಹ. ಪ್ರತಿ ಫೈಲಿನ ಬೆನ್ನಿಗೆ ರೋಗಿಯ ಪೂರ್ತಿ ಹೆಸರು, ವಾರ್ಡು, ವರ್ಷ. ದಪ್ಪ ಕಪ್ಪು ಅಕ್ಷರ, ಬಾಗಿಲಲ್ಲಿ ನಿಂತೇ ಓದಬಹುದು. ಡಾಕ್ಟರು ಕೇಳಿದ ಫೈಲು ಕಣ್ಣುಮುಚ್ಚಿ ತೆರೆಯುವುದರೊಳಗೆ ಕೈಗೆ ಬರುತ್ತಿತ್ತು. ಕಂಪ್ಯೂಟರ್ ವಿಭಾಗದ ಹುಡುಗಿ ಎರಡು ಸಲ ಬಂದು, ಹೆಸರು ಒಳಗಿರಲಿ, ಹೊರಗೆ ನಂಬರ್ ಮಾತ್ರ ಸಾಕು ಎಂದಿದ್ದಳು. ನಂಬರ್ ಹುಡುಕುವಷ್ಟರಲ್ಲಿ ರೋಗಿ ವಾಸಿಯಾಗಿ ಮನೆಗೆ ಹೋಗಿರುತ್ತಾನೆ ಎಂದು ಇವರು ಮೊದಲ ಸಲ ನಗೆಯಾಡಿದರು. ಎರಡನೆಯ ಸಲ ದನಿ ಬಿಗಿಯಾಗಿತ್ತು.

“ನೋಡಮ್ಮ, ಈ ಕೋಣೇಲಿ ಇರೋದು ನಾನೊಬ್ಬ. ನಾನೇನು ಡಂಗುರ ಹೊಡೀತೀನಾ?”

ನಿವೃತ್ತಿಯ ದಿನ ಜೊತೆಯವರು ಅವರನ್ನು ಅವರದೇ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯಬೇಕೆಂದರು. ಇವತ್ತೊಂದು ದಿನ ಇರಲಿ ಎಂದು ಅವರು ಮೊಬೈಲನ್ನು ಒಳಗೆ ಬಿಟ್ಟರು. ಫೋಟೋ ಸೊಸೆಗೆ ಬಂತು. ಮಾವನ ಮೇಲಿನ ಅಭಿಮಾನಕ್ಕೆ ಅವಳು ಅದನ್ನು ಬೀದಿಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಶುಭಾಶಯಗಳ ನಡುವೆ ಯಾರೋ ಒಬ್ಬರು ಚಿತ್ರವನ್ನು ಹಿಗ್ಗಿಸಿ ನೋಡಿದರು. ಬೀಗದಣ್ಣನ ಎಡಭುಜದ ಹಿಂದೆ, ಕ್ಷಯರೋಗ ವಾರ್ಡಿನ ಸಾಲಿನಲ್ಲಿ, ಬೀದಿ ಕೊನೆಯ ಮನೆಯ ಟೀಚರ್ ಹೆಸರು.

ಟೀಚರ್ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಕಾಯಿಲೆ ಬಂದದ್ದು ಒಂಬತ್ತು ವರ್ಷದ ಹಿಂದೆ, ಈ ಬೀದಿಗೆ ಬರುವ ಮೊದಲು. ಪೂರ್ತಿ ವಾಸಿಯಾಗಿತ್ತು. ಆದರೂ ಆ ವಾರ ಮುಗಿಯುವುದರೊಳಗೆ ಹನ್ನೊಂದು ಮಕ್ಕಳೂ ಬರುವುದು ನಿಂತಿತು.

ಸೊಸೆ ಅತ್ತಳು. ತಪ್ಪು ನಿನ್ನದಲ್ಲ ಎಂದು ಅವರು ಹೇಳಿದ್ದು ಸಮಾಧಾನಕ್ಕಲ್ಲ.

ಟೀಚರ್ ಮನೆಗೆ ಹೋದಾಗ ಪುಟ್ಟ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಬೀಗದಣ್ಣ ಕೈಮುಗಿದು ಬಾಗಿಲಲ್ಲೇ ನಿಂತರು. ಟೀಚರ್ ಕೋಪ ಮಾಡಲಿಲ್ಲ.

“ಹೆಸರು ತೋರಿಸಿದ್ದಾಯ್ತಲ್ಲ ಅಣ್ಣ. ಒಳಗಿನ ಕೊನೇ ಹಾಳೇಲಿ ಏನಿದೆ ಅಂತ ಈಗ ನೀವೇ ಹೇಳಿ. ನಾನು ಸರ್ಟಿಫಿಕೇಟ್ ತೋರಿಸಿದ್ರೂ ಯಾರೂ ನಂಬ್ತಿಲ್ಲ.”

ಭಾನುವಾರ ಮಕ್ಕಳ ಮನೆಯವರು ಆ ಕೋಣೆಯಲ್ಲಿ ಸೇರಿದರು. ಬೀಗದಣ್ಣ ಎದ್ದು ನಿಂತು, ಹೆಸರನ್ನು ಹಾಗೆ ಬರೆದದ್ದು ತನ್ನ ತಪ್ಪು ಎಂದರು. ಟೀಚರಿಗೆ ವಾಸಿಯಾಗಿದೆ ಎಂದು ಡಾಕ್ಟರು ಸಹಿ ಮಾಡಿದ ಹಾಳೆಯನ್ನು ತಾನೇ ಫೈಲಿಗೆ ಸೇರಿಸಿದ್ದಾಗಿ ಹೇಳಿದರು. ಕೆಲವರು ತಲೆಯಾಡಿಸಿದರು. ಅಷ್ಟರಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ತಾಯಿಯೊಬ್ಬಳು ಕೇಳಿದಳು:

“ಹಾಗಾದ್ರೆ ಅಣ್ಣ, ನಮ್ಮ ಬೀದಿಯವರು ಇನ್ಯಾರಾದ್ರೂ ಆ ಸಾಲಲ್ಲಿ ಇದಾರಾ?”

ಇದ್ದರು. ಕೇಳಿದವಳ ಮಾವನ ಫೈಲು ಟೀಚರ್ ಫೈಲಿನಿಂದ ಮೂರನೆಯದು. ಫೋಟೋದಲ್ಲಿ ಅದು ಇವರ ತಲೆಯ ಹಿಂದೆ ಮರೆಯಾಗಿತ್ತು. ಅಷ್ಟನ್ನು ಹೇಳಿದ್ದರೆ ಅವಳ ಬಾಯಿ ಕಟ್ಟುತ್ತಿತ್ತು. ಟೀಚರ್ ಒಬ್ಬರೇ ಅಲ್ಲ ಎಂದು ಉಳಿದವರಿಗೂ ಧೈರ್ಯ ಬರುತ್ತಿತ್ತೇನೋ. ಟೀಚರ್ ಕಣ್ಣು ಬೀಗದಣ್ಣನ ಮೇಲೇ ಇತ್ತು.

“ಅದನ್ನ ನಾನು ಹೇಳೋ ಹಾಗಿಲ್ಲಮ್ಮ.”

“ಇವರದು ಮಾತ್ರ ಹೇಳಬಹುದಾ?” ಎನ್ನುತ್ತ ಅವಳು ಮಗುವನ್ನೆತ್ತಿಕೊಂಡು ಹೊರಟಳು. ಹಿಂದೆಯೇ ಇನ್ನೂ ಕೆಲವರು ಎದ್ದರು.

ಮರುದಿನ ಬಂದದ್ದು ನಾಲ್ಕು ಮಕ್ಕಳು. ತಿಂಗಳು ಕಳೆದರೂ ಅದು ಐದಾಗಲಿಲ್ಲ. ಬೀಗದಣ್ಣ ಬೆಳಿಗ್ಗೆ ಒಂಬತ್ತಕ್ಕೆ ತಮ್ಮ ಮನೆಯ ಕಿಟಕಿಯ ಬಳಿ ಕೂತು, ಹೋಗುವ ಮಕ್ಕಳನ್ನು ಎಣಿಸುತ್ತಾರೆ.