ಒಂದು ಸನ್ಮಾನದ ಫೋಟೋ

2023ರಲ್ಲಿ ನಾನು ಹ್ಯೂಸ್ಟನ್ನಿನಲ್ಲಿ ಇಮಿಗ್ರೇಶನ್ ವಕೀಲೆಯಾಗಿದ್ದೆ. ಹಿಲ್‌ಕ್ರಾಫ್ಟ್ ರಸ್ತೆಯ ಸೀರೆ ಅಂಗಡಿಯೊಂದರ ಮೇಲೆ ನನ್ನ ಆಫೀಸು. ನಮ್ಮ ಸಾಫ್ಟ್‌ವೇರ್ ಜನರ ವೀಸಾ ಗೋಳು ಕೇಳುವುದೇ ನನ್ನ ಹೊಟ್ಟೆಪಾಡು. ನಡುವೆ ಒಂದೆರಡು ಅಸೈಲಮ್ ಕೇಸುಗಳೂ ಬರುತ್ತಿದ್ದವು. ಅಸೈಲಮ್ ಎಂದರೆ ಸ್ವದೇಶಕ್ಕೆ ಮರಳಿದರೆ ಹಿಂಸೆಗೆ ಗುರಿಯಾಗುವವರಿಗೆ ಇಲ್ಲಿ ಸಿಗುವ ಆಶ್ರಯ.

ನರ್ಗಿಸ್ ಹಾಗೆ ಬಂದವಳು. ಕಾಬೂಲಿನಲ್ಲಿ ಹುಡುಗಿಯರ ಹೈಸ್ಕೂಲು ಮುಚ್ಚಿಸಿದ ಮೇಲೆ ಮನೆಯಲ್ಲೇ ಗುಟ್ಟಾಗಿ ಪಾಠ ಹೇಳಿದ್ದಳು. ಈಗ ಆ ಶಾಲೆ ತಂಗಿ ಜಹ್ರಾಳ ಕೈಯಲ್ಲಿತ್ತು. ಡಾಲಸ್, ಟೊರಾಂಟೊ, ದೆಹಲಿಯ ಹೆಂಗಸರು ಪುಸ್ತಕ ಒದಗಿಸುತ್ತಿದ್ದರು. ಆಸ್ಟಿನ್ನಿನ ಇಬ್ಬರು ಶನಿವಾರ ವಿಡಿಯೋದಲ್ಲಿ ಗಣಿತ ಕಲಿಸುತ್ತಿದ್ದರು. ನರ್ಗಿಸ್ ಮತ್ತು ನಾನು ಮಾತಾಡುತ್ತಿದ್ದುದು ಹಿಂದಿಯಲ್ಲಿ.

ಕೇಸಿನಲ್ಲಿ ದೊಡ್ಡ ತೂತೊಂದಿತ್ತು. ತನ್ನ ಭಯಕ್ಕೆ ಆಧಾರವಿದೆಯೆಂದು ಅರ್ಜಿದಾರಳೇ ತೋರಿಸಬೇಕು. ನರ್ಗಿಸ್ ಎಷ್ಟು ಜಾಗ್ರತೆಯಿಂದ ಕೆಲಸ ಮಾಡಿದ್ದಳೆಂದರೆ, ಅಲ್ಲಿ ಆಳುವವರಿಗೆ ಅವಳ ಹೆಸರೇ ಗೊತ್ತಿರಲಿಲ್ಲ. ಗೊತ್ತಿಲ್ಲದವರು ಏನು ಮಾಡಿಯಾರು ಎಂದು ಅಧಿಕಾರಿ ಕೇಳುವುದು ಖಂಡಿತ.

ಆಗ ಹ್ಯೂಸ್ಟನ್ ಪಕ್ಕದ ಊರು ಕೇಟಿಯಲ್ಲಿರುವ ನಮ್ಮ ಕನ್ನಡ ಮಹಿಳಾ ಬಳಗದ ಅಧ್ಯಕ್ಷೆ, ಹುಬ್ಬಳ್ಳಿಯ ಸರೋಜಾ ಆಂಟಿ, ಪುಸ್ತಕ ಒದಗಿಸುವ ಹೆಂಗಸರಿಂದ ನರ್ಗಿಸ್ ಕತೆ ಕೇಳಿ, ಮಹಿಳಾ ದಿನದಂದು ಅವಳಿಗೆ ಸನ್ಮಾನ ಆಗಲೇಬೇಕೆಂದು ಹಟ ಹಿಡಿದರು. ನಮ್ಮವರಿಗೆ ಯಾರ ಮೇಲಾದರೂ ಗೌರವ ಉಕ್ಕಿದರೆ ಶಾಲು ಹೊದಿಸುವ ತನಕ ಸಮಾಧಾನವಿಲ್ಲ. ಫೋಟೋ ತೆಗೆಯಬಾರದೆಂಬ ಷರತ್ತಿನ ಮೇಲೆ ನರ್ಗಿಸ್ ಒಪ್ಪಿದಳು. ನಾನೇ ಮೈಕಿನಲ್ಲಿ ಅದನ್ನು ಎರಡು ಸಲ ಹೇಳಿದೆ. ಶಾಲು, ಹಣ್ಣಿನ ಬುಟ್ಟಿ, ತಲೆಗೆ ಮೈಸೂರು ಪೇಟ. ಅವಳು ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಎರಡು ದಿನಕ್ಕೆ ಆ ನಗು ಬಳಗದ ಫೇಸ್‌ಬುಕ್ಕಿನಲ್ಲಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಅವಳ ಪೂರ್ತಿ ಹೆಸರು, ತಂಗಿ ಈಗಲೂ ಶಾಲೆ ನಡೆಸುತ್ತಿದ್ದಾಳೆಂಬ ಹೊಗಳಿಕೆ. ಸಿಟ್ಟಿನಿಂದ ಆಂಟಿಗೆ ಫೋನ್ ಮಾಡಿದೆ.

“ಫೋಟೋ ಇಲ್ಲದ ಸನ್ಮಾನ ಎಂಥಾ ಸನ್ಮಾನರೀ? ಆಕಿ ಧೈರ್ಯ ನಾಕು ಮಂದಿಗೆ ತಿಳೀಲಿ ಅಂತ ಹಾಕೀನಿ.”

ಅಳಿಸಿದರು. ಅಷ್ಟರಲ್ಲಿ ಎಷ್ಟೋ ಜನ ಹೆಮ್ಮೆಯಿಂದ ಶೇರ್ ಮಾಡಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಫೋಟೋ ಅದಕ್ಕಿಂತ ಬೇಗ ಹೋಗುತ್ತದೆ. ಅದೇ ವಾರ ಕಾಬೂಲಿನಲ್ಲಿ ಜಹ್ರಾಳನ್ನು ಮನೆಯಿಂದ ಹಿಡಿದೊಯ್ದರು. ಬಂದವರು ಫೋನಿನಲ್ಲಿ ಆ ಫೋಟೋ ತೋರಿಸಿ ನರ್ಗಿಸ್ ಎಲ್ಲಿ ಎಂದು ಕೇಳಿದ್ದರೆಂದು ಪಕ್ಕದ ಮನೆಯಾಕೆ ತಿಳಿಸಿದಳು.

ಕೇಸಿನ ತೂತು ಮುಚ್ಚಿತು. ವಕೀಲೆಯ ತಲೆಗೆ ಮೊದಲು ಹೊಳೆದದ್ದು ಅದೇ, ಬರೆಯಲು ಹೇಸಿಗೆಯಾಗುತ್ತದೆ. ಫೋಟೋವನ್ನೂ ಪಕ್ಕದ ಮನೆಯಾಕೆಯ ಹೇಳಿಕೆಯನ್ನೂ ಸಾಕ್ಷಿಯಾಗಿ ಕೊಡೋಣವೆಂದೆ. ನರ್ಗಿಸ್ ಕಾಗದಗಳನ್ನು ನನ್ನತ್ತ ಸರಿಸಿದಳು.

“ಅವಳನ್ನ ಕೊಟ್ಟು ನಾನು ಇಲ್ಲಿ ಉಳೀಲಾ, ದೀದಿ?”

“ಕೊಡದೇ ಇದ್ರೂ ಅವಳು ವಾಪಸ್ ಬರಲ್ಲ,” ಎಂದೆ. ಅವಳು ಸಹಿ ಹಾಕಿದಳು.

ಅಸೈಲಮ್ ಸಿಕ್ಕಿತು. ಅದರಡಿ ಗಂಡ, ಮಕ್ಕಳನ್ನು ಕರೆಸಿಕೊಳ್ಳಬಹುದು, ತಂಗಿಗೆ ಅವಕಾಶವಿಲ್ಲ. ಜಹ್ರಾ ಎಲ್ಲಿದ್ದಾಳೆಂದೂ ಗೊತ್ತಿಲ್ಲ. ಶನಿವಾರದ ಗಣಿತ ನಿಂತುಹೋಗಿದೆ.

ಭಯ ನಿಜವಾದ ಮೇಲೆ ಕಾನೂನು ಅದನ್ನು ನಂಬುತ್ತದೆ. ಇಷ್ಟು ವರ್ಷದ ವೃತ್ತಿ ನನಗೆ ಕಲಿಸಿದ್ದು ಇದನ್ನೇ, ಇದರಿಂದ ಯಾರಿಗೂ ಉಪಯೋಗವಿಲ್ಲ. ಸರೋಜಾ ಆಂಟಿ ಬಳಗ ಬಿಟ್ಟರು. ಈಗಲೂ ಆಗಾಗ ಫೋನ್ ಮಾಡಿ, “ನರ್ಗಿಸ್ ತಂಗಿ ಸುದ್ದಿ ಏನರ ಬಂತೇನ್ರಿ?” ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ.