ಅರ್ಧದಲ್ಲಿ ಎದ್ದವರಿಗಾಗಿ ಕಾಯುವ ಪುಟ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ತೊಳೆದು ಬೋರಲು ಹಾಕಿದ ಲೋಟಗಳಿವೆ, ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪು. ಅದರ ಮುಂದೆ ಆಕೆ ಕೂತಿದ್ದಾರೆ. ಹೆಗಲ ಮೇಲೆ ಶಾಲು, ಕಾಲಿಗೆ ಗಂಡನ ದಪ್ಪ ಕಾಲುಚೀಲ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಸ್ಪೀಕರಿಗೆ ಹಾಕಿದ್ದಾರೆ. ಆ ಕಡೆಯಿಂದ ಒಬ್ಬ ಯುವಕ ಆಕಳಿಸುವುದು ಕೇಳುತ್ತದೆ.

“ಅಜ್ಜೀ, ರೆಡಿನಾ?”

“ನಾನು ರೆಡಿ ಮರಿ. ನೀನು ಮೊದಲು ಬಾಯಿ ಮುಚ್ಚು, ಸೊಳ್ಳೆ ಹೋದೀತು.”

ಅಜ್ಜಿಗೆ ನಲವತ್ತಮೂರು ವರ್ಷ. ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವವರಲ್ಲೆಲ್ಲ ಹಿರಿಯರು ಎಂಬ ಕಾರಣಕ್ಕೆ ಬಿದ್ದ ಹೆಸರು ಅದು. ಆಕಳಿಸುತ್ತಿರುವವನು ಈಕೆಯ ಕೈಕೆಳಗೆ ಕೆಲಸ ಕಲಿತವನು. ಈಗ ಈಕೆಯ ಟೀಮ್ ಲೀಡರ್.

ನಗರದ ದಾಖಲೆ ಕಚೇರಿಗೆ ವೆಬ್‌ಸೈಟ್ ಮಾಡಿಕೊಡುವ ಖಾಸಗಿ ಕಂಪನಿಯಲ್ಲಿ ಈಕೆ ಹದಿನೆಂಟು ವರ್ಷಗಳಿಂದ ವೆಬ್ ಡೆವಲಪರ್. ಜನನ, ಮರಣ, ಹೆಸರು ಬದಲಾವಣೆ, ಮನೆ ತೆರಿಗೆ, ನೀರಿನ ಸಂಪರ್ಕ, ಹೀಗೆ ಪ್ರತಿಯೊಂದಕ್ಕೂ ಒಂದು ಪುಟ. ದಿನಕ್ಕೆ ಸಾವಿರಾರು ಮಂದಿ ಬಂದು ತುಂಬಿ ಹೋಗುತ್ತಾರೆ. ಬರೆದವರ ಹೆಸರು ಯಾವ ಪುಟದಲ್ಲೂ ಇರುವುದಿಲ್ಲ. ಇವತ್ತು ಕೊನೆಯ ಪುಟ ಹಳೆಯ ಫ್ರೇಮ್‌ವರ್ಕಿನಿಂದ ಹೊಸದಕ್ಕೆ ದಾಟಬೇಕು. ಅದು ಮರಣ ನೋಂದಣಿಯ ಪುಟ. ಕೌಂಟರುಗಳು ತೆರೆಯುವ ಮೊದಲೇ ಮುಗಿಯಬೇಕು, ಅದಕ್ಕೇ ಈ ಹೊತ್ತು. ಅದು ದಾಟಿದ ಮೇಲೆ ಹಳೆಯದನ್ನು ನೋಡಿಕೊಳ್ಳುವವರು ಇನ್ನು ಬೇಕಿಲ್ಲವಾದ್ದರಿಂದ ಸಂಜೆಗೆ ಈಕೆಯ ನೌಕರಿಯೂ ಮುಗಿಯುತ್ತದೆ.

ಫ್ರೇಮ್‌ವರ್ಕ್ ಎಂದರೇನು ಎಂದು ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದ್ದಕ್ಕೆ ಆಕೆ ಅಡುಗೆಮನೆಯನ್ನೇ ತೋರಿಸುತ್ತಾರೆ. “ಕಂಬ, ತೊಲೆ, ಛಾವಣಿ ಎಲ್ಲ ಸಿದ್ಧ ಮಾಡಿ ಕೊಟ್ಟಿರ್ತಾರೆ. ಒಲೆ ಎಲ್ಲಿ, ಕಿಟಕಿ ಎಲ್ಲಿ ಅನ್ನೋದು ಮಾತ್ರ ನಮ್ಮ ಕೆಲಸ. ಕೊಟ್ಟೋರು ಒಂದು ದಿನ, ಇನ್ಮೇಲೆ ಈ ಕಂಬ ಮಾಡಲ್ಲ ಅಂತಾರೆ. ಆಗ ಮನೆ ಬೀಳಲ್ಲ. ಆದ್ರೆ ರಿಪೇರಿಗೆ ಬರೋರು ಕಮ್ಮಿ ಆಗ್ತಾ ಹೋಗ್ತಾರೆ.”

ಈಕೆ ಓದು ಮುಗಿಸಿದಾಗ ಆ ಹಳೆಯ ಫ್ರೇಮ್‌ವರ್ಕೇ ಎಲ್ಲರಿಗೂ ಬೇಕಾಗಿತ್ತು. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಮೂರು ಕಂಪನಿಗಳು ಕರೆದವು. ತಂದೆ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಮಗಳ ಮೊದಲ ಸಂಬಳ ಅವರ ಕೊನೆಯ ಸಂಬಳದ ಎರಡರಷ್ಟಿತ್ತು. “ಅಪ್ಪ ಚೀಟಿ ನೋಡಿ, ತಪ್ಪು ಪ್ರಿಂಟ್ ಆಗಿದೆ, ಹೋಗಿ ಕೇಳ್ಕೊಂಡು ಬಾ ಅಂದ್ರು,” ಎಂದು ನಗುತ್ತಾರೆ. ಈಗ ಲೆಕ್ಕ ತಿರುಗಿದೆ. ಹೊಸ ಫ್ರೇಮ್‌ವರ್ಕ್ ಬಲ್ಲ ಮೂರು ವರ್ಷದ ಅನುಭವಿಗೆ ಸಿಗುವುದು ಈಕೆಗೆ ಹದಿನೆಂಟು ವರ್ಷದ ಮೇಲೂ ಸಿಗುವುದಿಲ್ಲ. ಅನುಭವ ಹೆಚ್ಚಿದಷ್ಟೂ ಸಂದರ್ಶನಗಳು ಕಡಿಮೆಯಾದವು. ಹೋದ ಎರಡು ಕಡೆಯೂ ಒಂದೇ ಪ್ರಶ್ನೆ: ಇಷ್ಟು ವರ್ಷ ಒಂದೇ ಕಡೆ ಯಾಕಿದ್ರಿ?

ಬಾಗಿಲ ಬಳಿ ಗಂಡ ಸಲಕರಣೆಯ ಚೀಲದ ಬಾಯಿ ಕಟ್ಟುತ್ತಿದ್ದಾರೆ. ಅವರು ಲಿಫ್ಟ್ ಮೆಕ್ಯಾನಿಕ್. ಎಲ್ಲೋ ಒಂದು ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿದೆಯಂತೆ. ಹಳೆಯ ಮಾದರಿ, ಬಲ್ಲವರು ಊರಲ್ಲಿ ನಾಲ್ಕೈದು ಜನ. ಹಾಗಾಗಿ ವರ್ಷ ಕಳೆದಂತೆ ಅವರ ಕೂಲಿ ಏರುತ್ತಲೇ ಇದೆ.

“ಹಳೇದು ಗೊತ್ತು ಅಂತ ನಂಗೆ ಜಾಸ್ತಿ ಕೊಡ್ತಾರೆ. ಹಳೇದು ಗೊತ್ತು ಅಂತ ಇವಳಿಗೆ ಕಮ್ಮಿ,” ಎನ್ನುತ್ತಾರೆ ಅವರು. “ನನ್ನ ಲಿಫ್ಟಾದ್ರೂ ಎಳೆದ್ರೆ ಮೇಲಕ್ಕೆ ಬರುತ್ತೆ. ಇವಳ ಸಂಬಳ ಒಂದೇ ಮಹಡೀಲಿ ಸಿಕ್ಕಾಕ್ಕೊಂಡು ಎಷ್ಟು ವರ್ಷ ಆಯ್ತೋ.”

“ಬೇಗ ಹೋಗ್ರೀ, ಒಳಗೆ ಯಾರೋ ಒದ್ದಾಡ್ತಿರ್ತಾರೆ.”

“ಒಳಗೆ ಯಾರೂ ಇಲ್ಲ ಕಣೇ. ಇದ್ದಿದ್ರೆ ನಿನ್ನ ಹತ್ರ ಮಾತಾಡ್ತಾ ನಿಲ್ತಿದ್ನಾ?”

ಹೊಸದು ಬಂದಾಗ ಯಾಕೆ ಕಲಿಯಲಿಲ್ಲ? ಕಂಪನಿಯೇ ಶನಿವಾರದ ತರಗತಿ ನಡೆಸಿತ್ತು. ಆಕೆ ಹೋಗಲಿಲ್ಲ.

“ಮಗಳು ಚಿಕ್ಕವಳು ಅಂತ ಎಲ್ಲರ ಹತ್ರ ಹೇಳ್ಕೊಂಡೆ. ಚಿಕ್ಕವಳಿದ್ದದ್ದೂ ನಿಜ. ಆದ್ರೆ ಶನಿವಾರ ಇವರು ಮನೇಲೇ ಇರ್ತಿದ್ರು. ಅದು ಸೊಕ್ಕು. ಹಳೇದರಲ್ಲಿ ಏನೇ ಕೆಟ್ರೂ ನನ್ನ ಮೇಜಿಗೇ ಬರ್ತಿತ್ತು. ಅಲ್ಲಿ ಹೋದ್ರೆ ಹಿಂದಿನ ಬೆಂಚು. ನಾನೇ ಕಲಿಸಿದ ಹುಡುಗರ ಪಕ್ಕ ಕೂತು, ಇದೇನಪ್ಪಾ ಅಂತ ಕೇಳ್ಬೇಕಿತ್ತು. ನಾಚಿಕೆ ಆಯ್ತು. ಆ ನಾಚಿಕೆಗೆ ಇಷ್ಟು ಬೆಲೆ ಅಂತ ಗೊತ್ತಿರ್ಲಿಲ್ಲ.”

ಕೊನೆಗೆ ಕಲಿತದ್ದು ಕಳೆದ ವರ್ಷ, ಪುಟಗಳನ್ನು ದಾಟಿಸುವ ಕೆಲಸ ಶುರುವಾದಾಗ. ತಾನೇ ಬರೆದ ಪುಟವನ್ನು ಹೊಸದರಲ್ಲಿ ಬರೆಯುವುದು, ಸರಿಯಿದೆ ಎಂದು ಖಚಿತವಾದ ಮೇಲೆ ಹಳೆಯದನ್ನು ಅಳಿಸುವುದು. ತೆರಿಗೆಯ ಪುಟ ಹೋಯಿತು, ನೀರಿನದು ಹೋಯಿತು. ಯಾವುದನ್ನು ಯಾವಾಗ ದಾಟಿಸಬೇಕೆಂಬ ತೀರ್ಮಾನ ಈಕೆಗೇ ಬಿಟ್ಟಿತ್ತು. ಮರಣ ನೋಂದಣಿಯನ್ನು ಕೊನೆಗೆ ಇಟ್ಟುಕೊಂಡರು.

ನಾನು ಈಕೆಯನ್ನು ಕಂಡುಕೊಂಡದ್ದು ಆ ಪುಟದಿಂದ. ಕಳೆದ ವರ್ಷ ಅದನ್ನು ತುಂಬಬೇಕಾಗಿ ಬಂತು. ‘ಮೃತರೊಂದಿಗೆ ಅರ್ಜಿದಾರರ ಸಂಬಂಧ’ ಎಂಬ ಖಾನೆಯವರೆಗೆ ಬರೆದು ಎದ್ದುಹೋದೆ. ಕೆಲವು ದಿನಗಳ ನಂತರ ತೆರೆದಾಗ ಬರೆದಷ್ಟೂ ಹಾಗೇ ಇತ್ತು. ‘ಪತ್ನಿ’ ಎಂದು ಬರೆದು ಮುಗಿಸಿದೆ. ಬ್ಯಾಂಕಿನ ಪುಟವೂ ವಿಮೆಯ ಪುಟವೂ ಹಾಗಿರಲಿಲ್ಲ. ಕೈ ನಿಂತರೆ ಮುಚ್ಚಿಕೊಳ್ಳುತ್ತಿದ್ದವು. ಕೆಳಗಿದ್ದ ವಿಳಾಸಕ್ಕೆ ಒಂದು ಸಾಲು ಬರೆದು ಇದು ಹೇಗೆ ಎಂದು ಕೇಳಿದೆ. ಬಹಳ ದಿನಗಳ ಮೇಲೆ ಉತ್ತರ ಬಂತು. ‘ಕ್ಷಮಿಸಿ, ಈ ವಿಳಾಸವನ್ನು ಈಗ ಯಾರೂ ತೆರೆದು ನೋಡುವುದಿಲ್ಲ. ಪುಟ ಮುಚ್ಚಿಕೊಳ್ಳದ ಹಾಗೆ ಇಟ್ಟಿದ್ದು ನಾನೇ. ನಿಮಗೇನಾದರೂ ತೊಂದರೆಯಾಯಿತೇ?’

ಮೊದಲು ಆ ಪುಟವೂ ಹದಿನೈದು ನಿಮಿಷಕ್ಕೆ ಮುಚ್ಚಿಕೊಳ್ಳುತ್ತಿತ್ತು. ತೆರಿಗೆಯ ಪುಟಕ್ಕೆ ಇಟ್ಟ ಗಡುವನ್ನೇ ಆಕೆ ಯೋಚಿಸದೆ ಇದಕ್ಕೂ ಇಟ್ಟಿದ್ದರು. ಒಂದು ದಿನ ಸಹಾಯವಾಣಿಯಲ್ಲಿ ಕೂರುವ ಗೆಳತಿ ಊಟದ ಹೊತ್ತಿಗೆ ಬಂದು ಹೇಳಿದಳು: “ನಿನ್ನ ಪುಟ ಜನಾನ ಆಚೆ ತಳ್ಳುತ್ತೆ ಕಣೆ. ಒಬ್ಬರು ಯಜಮಾನ್ರು ವಾರದಿಂದ ಫೋನ್ ಮಾಡ್ತಿದಾರೆ. ತಾರೀಖು ಹಾಕೋ ಜಾಗಕ್ಕೆ ಬಂದ್ರೆ ಕೈ ನಿಲ್ಲುತ್ತಂತೆ. ಕನ್ನಡಕ ಒರೆಸ್ಕೊಂಡು ನೋಡೋವಷ್ಟರಲ್ಲಿ ಪುಟಾನೇ ಇರಲ್ವಂತೆ. ಮತ್ತೆ ಹೆಂಡತಿ ಹೆಸರಿಂದ ಶುರು.”

ಅದೇ ದಿನ ಆಕೆ ಗಡುವು ತೆಗೆದುಹಾಕಿದರು. ಯಾರೂ ಹೇಳಿರಲಿಲ್ಲ, ಯಾರಿಗೂ ಹೇಳಲೂ ಇಲ್ಲ. ವರ್ಷದ ಕೊನೆಗೆ ಸಂಬಳ ಏರಿಸುವ ಮೀಟಿಂಗಿನಲ್ಲಿ ಮ್ಯಾನೇಜರ್ ಕೇಳಿದರು, ಈ ವರ್ಷ ಹೊಸದಾಗಿ ಏನು ಮಾಡಿದಿರಿ? “ಒಂದು ಪುಟ ಕಾಯೋ ಹಾಗೆ ಮಾಡಿದೆ ಅಂದೆ. ಕಾಯೋದು ಕೆಲಸ ಹೇಗಾಗುತ್ತೆ ಅಂದ್ರು. ಅವರು ಹೇಳಿದ್ದೂ ಸರೀನೇ. ಅದನ್ನ ಎಲ್ಲೂ ತೋರ್ಸಕ್ಕಾಗಲ್ಲ.”

ಆ ಬದಲಾವಣೆಯಲ್ಲಿ ಒಂದು ತಪ್ಪಿತ್ತು. ಅದನ್ನೂ ಬರೆಯಿರಿ ಎಂದು ಆಕೆಯೇ ಹೇಳುತ್ತಾರೆ. ಬಾಡಿಗೆಗೆ ಕಂಪ್ಯೂಟರ್ ಕೊಡುವ ಅಂಗಡಿಯೊಂದರಲ್ಲಿ ಯಾರೋ ಅರ್ಧಕ್ಕೆ ಬಿಟ್ಟುಹೋದದ್ದು ಮುಂದೆ ಕೂತವರ ಕಣ್ಣಿಗೆ ಬಿತ್ತು. ಸತ್ತವರ ಹೆಸರು, ಮನೆಯ ವಿಳಾಸ, ಎಲ್ಲ. ದೂರು ಬಂತು, ಈಕೆಗೆ ಎಚ್ಚರಿಕೆಯ ಪತ್ರ ಬಂತು. “ಪತ್ರ ಕೊಟ್ಟಿದ್ದು ತಪ್ಪಲ್ಲ. ಬಾಗಿಲು ತೆಗೆದಿಟ್ಟೆ, ಯಾರು ಒಳಗೆ ಬರ್ತಾರೆ ಅಂತ ಯೋಚನೆ ಮಾಡ್ಲಿಲ್ಲ.”

ಹಾಗಾಗಿ ಹೊಸದರಲ್ಲಿ ಬೇರೆ ದಾರಿ ಹುಡುಕಿದರು. ಪುಟ ಗಡುವಿಗೆ ಸರಿಯಾಗಿ ಮುಚ್ಚಿಕೊಳ್ಳಲಿ, ಬರೆದದ್ದು ಒಳಗೆ ಭದ್ರವಾಗಿರಲಿ, ಬರೆದವರ ಫೋನಿಗೆ ಒಂದು ಸಂಖ್ಯೆ ಹೋಗಲಿ. ಆ ಸಂಖ್ಯೆ ಇದ್ದವರು ಯಾವಾಗ ಬೇಕಾದರೂ ಬಂದು ನಿಲ್ಲಿಸಿದಲ್ಲಿಂದ ಮುಂದುವರಿಸಬಹುದು. ಆದರೆ ಅದು ಹೆಚ್ಚಿನ ಕೆಲಸ. ಹೊಸದಾಗಿ ಕಲಿತ ಕೈಗೆ ಇನ್ನೂ ಹೆಚ್ಚು.

ಅದೇ ಹೊತ್ತಿಗೆ ಹೊಸ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ಸಂಬಳ ಈಗಿನದಕ್ಕಿಂತ ಒಂದೂವರೆಯಷ್ಟು. ಲೀಡರ್ ಹುಡುಗ ಈಕೆಯ ಹೆಸರನ್ನೇ ಹೇಳಿದ್ದ. ಮೇಲಿನವರು ಒಪ್ಪಿದರು, ಒಂದು ಷರತ್ತಿನ ಮೇಲೆ: ಕೊನೆಯ ಪುಟ ತಿಂಗಳ ಕೊನೆಯೊಳಗೆ ದಾಟಬೇಕು. ಆಕೆಯನ್ನು ಮೀಟಿಂಗ್ ರೂಮಿಗೆ ಕರೆದು ಅವನು ಬೇಡಿಕೊಂಡ.

“ಅಜ್ಜೀ, ಈಗ ಹಾಗೇ ದಾಟಿಸ್ಬಿಡಿ. ಹದಿನೈದು ನಿಮಿಷ ಅನ್ನೋದು ನಾವು ಇಟ್ಟಿದ್ದಲ್ಲ, ಹೊಸದರಲ್ಲೇ ಹಾಗೆ ಬಂದಿರೋದು. ಸಂಖ್ಯೆ ಗಿಂಖ್ಯೆ ಎಲ್ಲ ಆಮೇಲೆ ಸೇರಿಸೋಣ.”

“ಆಮೇಲೆ ಅಂದ್ರೆ ಯಾವಾಗ ಮರಿ?”

ಆಮೇಲೆ ಎಂದು ಇಟ್ಟ ಕೆಲಸಗಳ ಪಟ್ಟಿ ಎಷ್ಟು ಉದ್ದ ಎಂದು ಇಬ್ಬರಿಗೂ ಗೊತ್ತು.

ಆಕೆ ಪುಟವನ್ನು ತನಗೆ ಬೇಕಾದ ಹಾಗೆಯೇ ಬರೆದರು. ತಿಂಗಳು ದಾಟಿತು. ಜಾಗ ಇಪ್ಪತ್ತನಾಲ್ಕು ವರ್ಷದ ಹುಡುಗಿಗೆ ಹೋಯಿತು. ಬಂದ ಮೊದಲ ದಿನವೇ ಅವಳು ಈಕೆಯ ಮೇಜಿಗೆ ಬಂದು, ಅಜ್ಜೀ, ಒಂದು ಡೌಟು, ಎಂದಳಂತೆ. ಹೇಳಿಕೊಟ್ಟಿದ್ದಾರೆ.

ಇಷ್ಟು ಕೇಳಿ ನಾನು ಏನೋ ಬರೆದುಕೊಳ್ಳುತ್ತಿದ್ದೆ. ಆಕೆ ತಡೆದರು.

“ಬೇಜಾರಿಲ್ಲ ಅಂತ ಮಾತ್ರ ಬರೀಬೇಡಿ. ಇದೆ. ಪೇಪರಲ್ಲಿ ಎಲ್ಲರೂ ತೃಪ್ತಿ ತೃಪ್ತಿ ಅಂತಿರ್ತಾರೆ. ಆ ಸಂಬಳ ನಂಗೆ ಬೇಕಿತ್ತು. ಮಗಳದ್ದು ಕಾಲೇಜು ಬರುತ್ತೆ. ಅವತ್ತು ಹೂಂ ಅನ್ಬೇಕಿತ್ತು ಅಂತ ಎಷ್ಟೋ ಸಲ ಅನ್ಸುತ್ತೆ. ಶನಿವಾರದ ಕ್ಲಾಸಿಗೆ ಹೋಗಿದ್ರೆ ಈ ಪುಟ ವಾರದಲ್ಲಿ ಮುಗೀತಿತ್ತು, ಜಾಗಾನೂ ಸಿಗ್ತಿತ್ತು. ಎರಡರಲ್ಲಿ ಒಂದನ್ನ ಆರಿಸೋ ಪ್ರಸಂಗಾನೇ ಬರ್ತಿರ್ಲಿಲ್ಲ.”

ಮಗಳು ಹಲ್ಲುಜ್ಜುತ್ತ ಅಡುಗೆಮನೆಗೆ ಬರುತ್ತಾಳೆ. ಮುಂದಿನ ವರ್ಷ ಅವಳಿಗೂ ಕಂಪ್ಯೂಟರ್ ಓದುವ ಮನಸ್ಸು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಕೇಳುತ್ತಾಳೆ, “ಇವರ ಮುಂದೇನೇ ಹೇಳಮ್ಮಾ, ನಾನು ಸೇರ್ಲಾ ಬೇಡ್ವಾ?”

“ಮೊದ್ಲು ಉಗುಳಿ ಬಾ.” ಅವಳು ಉಗುಳಿ ಬಂದ ಮೇಲೆ ಆಕೆ ಹೇಳುತ್ತಾರೆ, “ಸೇರು. ಸಂಬಳ ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ. ಆದ್ರೆ ನಾಲ್ಕೈದು ವರ್ಷಕ್ಕೊಮ್ಮೆ ಒಂದನೇ ಕ್ಲಾಸಿಗೆ ಹೋಗಿ ಕೂರ್ಬೇಕು. ಪಕ್ಕದಲ್ಲಿ ಯಾರು ಕೂತಿದಾರೆ ಅಂತ ನೋಡ್ಬಾರ್ದು. ಅದಾಗುತ್ತೆ ಅಂದ್ರೆ ಸೇರು.”

“ನೀನು ಮುಂದೆ ಏನ್ಮಾಡ್ತೀಯ?”

“ಸಣ್ಣ ಸಣ್ಣ ಕೆಲಸ ಹಿಡೀತೀನಿ. ಅಂಗಡಿಯೋರ ಪುಟ, ಡಾಕ್ಟರ ಪುಟ. ನಿಮ್ಮಪ್ಪನ ಲಿಫ್ಟಿಗೂ ಒಂದು ಪುಟ ಮಾಡೋಣ, ಕಾಸು ಕೊಟ್ರೆ.”

ಫೋನಿನಲ್ಲಿ ಹುಡುಗನ ದನಿ ಬರುತ್ತದೆ. ಸಿದ್ಧವಂತೆ. ಆಕೆ ಶಾಲು ಸರಿಮಾಡಿಕೊಂಡು ಒಂದು ಗುಂಡಿ ಒತ್ತುತ್ತಾರೆ. ನೋಡಲು ಏನೂ ಆಗುವುದಿಲ್ಲ. ಪರದೆಯ ಮೇಲೆ ಕೆಲವು ಸಾಲುಗಳು ಓಡಿ ನಿಲ್ಲುತ್ತವೆ. ಹಳೆಯ ಪುಟ ಈಗಿಲ್ಲ.

ಆಕೆ ಎದ್ದು ಚಹಾಕ್ಕೆ ನೀರಿಡುತ್ತಾರೆ. ಕಿಟಕಿಯಲ್ಲಿ ಬೆಳಕು ಬಂದಿದೆ. ಚಹಾ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಪರದೆಯಲ್ಲಿ ‘ಅರ್ಧದಲ್ಲಿರುವ ಅರ್ಜಿಗಳು’ ಎಂಬುದರ ಎದುರು ಸೊನ್ನೆ ಹೋಗಿ ಒಂದು ಬಂದಿದೆ.

ಮಗಳು ಬಗ್ಗಿ ನೋಡುತ್ತಾಳೆ. “ಯಾರಮ್ಮಾ ಅದು?”

“ನಂಗೆ ಕಾಣಲ್ಲ. ಕಾಣ್ಲೂಬಾರದು. ಯಾರೋ ಬರೀತಾ ಇದ್ರು, ಎದ್ದುಹೋದ್ರು.”

“ಅಜ್ಜೀ,” ಎನ್ನುತ್ತಾನೆ ಹುಡುಗ. ಅವನಿಗೂ ಆ ಅಂಕಿ ಕಾಣುತ್ತಿದೆ. “ಸಂಜೆ ಲ್ಯಾಪ್‌ಟಾಪು, ಐಡಿ ಕಾರ್ಡು ವಾಪಸ್ ಕೊಡ್ಬೇಕು. ನಾನೇ ಮನೆಗೆ ಬಂದು ಇಸ್ಕೊಳ್ಲಾ?”

“ಬೇಡ ಮರಿ, ನಾನೇ ಬರ್ತೀನಿ. ಗೊತ್ತಿರೋ ದಾರಿ.”

ಫೋನ್ ಇಟ್ಟ ಮೇಲೆ ಆಕೆ ಪರದೆಯ ಮುಂದೆಯೇ ಕೂತಿದ್ದಾರೆ. “ಇದನ್ನ ಕೊಟ್ಟುಬಿಟ್ರೆ ಆಮೇಲೆ ನಂಗೆ ಗೊತ್ತಾಗಲ್ಲ, ಅವರು ವಾಪಸ್ ಬಂದ್ರೋ ಇಲ್ವೋ ಅಂತ. ಒಬ್ಬರಾದ್ರೂ ಬಂದು ಮುಗಿಸಿದ್ದು ನೋಡ್ಕೊಂಡು ಹೋಗ್ಬೇಕು ಅಂತ ಆಸೆ ಇತ್ತು. ಅಷ್ಟೇ.”

ಕೇಳಿದರೆ ಆ ಹುಡುಗ ಹೇಳುತ್ತಾನಲ್ಲ ಎನ್ನುತ್ತೇನೆ.

“ಹೇಳ್ತಾನೆ. ನಾನು ಕೇಳಲ್ಲ.”

ನಾನು ಹೊರಡುವಾಗಲೂ ಆ ಅಂಕಿ ಬದಲಾಗಿರಲಿಲ್ಲ. ಬಾಗಿಲವರೆಗೆ ಬಂದು ನನ್ನ ಚಪ್ಪಲಿಯನ್ನು ಕಾಲಿನಿಂದ ಈಚೆಗೆ ಸರಿಸಿಕೊಡುತ್ತ ಆಕೆ ಹೇಳುತ್ತಾರೆ, “ಇವತ್ತೇ ಬರ್ಬೇಕು ಅಂತ ಏನಿಲ್ಲ ಬಿಡಿ. ಅವರಿಗಾದಾಗ ಬರ್ಲಿ. ನಾನಿಲ್ದಿದ್ರೂ ಅದು ಕಾಯುತ್ತೆ.”