ವಿಲ್ಲಿಯ ಒಂದೇ ಒಂದು ಗೋಲು

ಜರ್ಮನಿಯ ರೂರ್ ಸೀಮೆಯ ಗಣಿಯಲ್ಲಿ ಕಲ್ಲಿದ್ದಲು ಅಗೆಯುತ್ತಿದ್ದ ವಿಲ್ಲಿ ಕೋಸ್ಲಿಕ್ ಭಾನುವಾರ ಫುಟ್‌ಬಾಲ್ ಆಡುತ್ತಿದ್ದ. ಹನ್ನೊಂದು ವರ್ಷ ಡಿಫೆಂಡರ್ ಆಗಿದ್ದವನು ಹೊಡೆದದ್ದು ಒಂದೇ ಗೋಲು. ಅದೂ ರಾಷ್ಟ್ರೀಯ ಚಾಂಪಿಯನ್‌ಶಿಪ್ ಫೈನಲ್ಲಿನಲ್ಲಿ, ಆಟ ಮುಗಿಯಲು ಎರಡು ನಿಮಿಷವಿದ್ದಾಗ. ಕಾರ್ನರ್ ಕಿಕ್ ಬಂತು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು, ಚೆಂಡು ಬಲೆಯೊಳಗಿತ್ತು. ಬಿದ್ದವರ ರಾಶಿಯ ಮೇಲ್ತುದಿಯಲ್ಲಿದ್ದವನು ವಿಲ್ಲಿ. ಗೋಲು ಅವನ ಹೆಸರಿಗಾಯಿತು, ಗೆದ್ದವರಿಗೆ ಕೊಡುವ ಬೆಳ್ಳಿ ತಟ್ಟೆ ಊರಿಗೆ ಬಂತು.

ಚೆಂಡು ಅವನ ಕುಂಡಿಗೆ ತಾಗಿ ಒಳಗೆ ಹೋಯಿತೆಂದು ಊರವರ ವಾದ. ಅವನು ಗಣಿ ಬಿಟ್ಟು ಬಿಯರ್, ಸಿಗರೇಟಿನ ಗೂಡಂಗಡಿ ಇಟ್ಟ ಮೇಲೂ ಗಿರಾಕಿಗಳು ಬಿಡಲಿಲ್ಲ.

"ಎಡಗಡೇದಾ, ಬಲಗಡೇದಾ ವಿಲ್ಲಿ?"

"ತೊಡೆ ಕಣಯ್ಯಾ, ತೊಡೆ!" ಎಂದು ಅವನು ಮೂವತ್ತು ವರ್ಷ ರೇಗಿದ.

ಕೊನೆಗೆ ಯಾರದೋ ಅಟ್ಟದಲ್ಲಿ ಪಂದ್ಯದ ಫಿಲ್ಮ್ ಸಿಕ್ಕಿತು. ಕ್ಲಬ್ಬಿನ ಪಡಖಾನೆಯಲ್ಲಿ ಗೋಡೆಗೆ ಬಟ್ಟೆ ಕಟ್ಟಿ ತೋರಿಸಿದರು. ವಿಲ್ಲಿ ಇಸ್ತ್ರಿ ಕೋಟು ತೊಟ್ಟು, ಹೆಂಡತಿ ಟ್ರೌಡೆ ಜೊತೆ ಮುಂದಿನ ಸಾಲಿನಲ್ಲಿ ಕೂತ. ಚೆಂಡು ಕುಂಡಿಗೇ ತಾಗಿತು. ಆದರೆ ಅದು ಪಟ್ಟೆ ಅಂಗಿಯ ಎದುರಾಳಿಯದು. ವಿಲ್ಲಿ ಆಮೇಲೆ ಬಂದು ಬಿದ್ದಿದ್ದ.

ವಿಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿದ. ಎದ್ದು ನಿಂತು ಗುಡುಗಿದ: "ಅದು ನಂದೇ! ನನ್ನ ಕುಂಡಿ ನಂಗೆ ಗೊತ್ತಾಗಲ್ವಾ?"

ಎಲ್ಲರೂ ಟ್ರೌಡೆಯತ್ತ ತಿರುಗಿದರು. ಈ ವಿಷಯದಲ್ಲಿ ಸಾಕ್ಷಿ ಹೇಳಬಲ್ಲವಳು ಅವಳೊಬ್ಬಳೇ. ಅವಳು ಕನ್ನಡಕ ಸರಿಮಾಡಿಕೊಂಡು, "ಇನ್ನೊಂದ್ಸಲ ಹಾಕಿ" ಎಂದಳು. ನೋಡಿದ ಮೇಲೆ, "ಇವರದ್ದೇ. ಆ ಅಗಲ ಬೇರೆ ಯಾರಿಗಿದೆ?" ಎಂದು ಸರಾಗವಾಗಿ ಸುಳ್ಳು ಹೇಳಿದಳು.

ಪಡಖಾನೆ ಚಪ್ಪಾಳೆ ತಟ್ಟಿತು. ವಿಲ್ಲಿ ತಾನೇ ಹೋಗಿ ಹೆಂಡತಿಗೆ ಬಿಯರ್ ತಂದುಕೊಟ್ಟ, ಮದುವೆಯಾದ ಮೇಲೆ ಅದೇ ಮೊದಲು.